ಆಮೋಸನ ಕೊನೆಯ ಐದು ವಚನಗಳನ್ನು ಬರೆದವರು ಯಾರು?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರವಾದಿ ಆಮೋಸನ ಗ್ರಂಥವನ್ನು ಸಭೆಯಲ್ಲಿ ವಾರವಾರವೂ ಬೋಧಿಸುತ್ತಾ ಬಂದ ನಾನು 9ನೆಯ ಅಧ್ಯಾಯದ 11ನೆಯ ವಚನದ ಬಳಿ ನಿಂತುಬಿಟ್ಟೆ. ಕ್ರಿ.ಪೂ. 8ನೆಯ ಶತಮಾನದಲ್ಲಿ ದಕ್ಷಿಣದ ಯೆಹೂದದ ಊರಾದ ತೆಕೋವದಿಂದ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ನಾಶವನ್ನೇ ಸಾರಿದ ಕುರಿಗಾಹಿಯ ಗ್ರಂಥದಲ್ಲಿ, ದಾವೀದ ರಾಜನ ಬಿದ್ದ ಗುಡಿಸಲು ಮತ್ತೆ ಏಳುವ, ಬೆಟ್ಟಗಳಿಂದ ದ್ರಾಕ್ಷಾರಸ ಸುರಿಯುವ ಮಾತು ಅಲ್ಲಿ ಏಕಾಏಕಿ ಆರಂಭವಾಗುತ್ತದೆ. ‘ರಕ್ತ ಮತ್ತು ಕಬ್ಬಿಣದ ಬದಲಿಗೆ ಗುಲಾಬಿ ಮತ್ತು ಲ್ಯಾವೆಂಡರ್’ ಎಂದು ಜರ್ಮನಿಯ ಬೈಬಲ್ ವಿದ್ವಾಂಸ ವೆಲ್‌ಹೌಸೆನ್ ಈ ಭಾಗ ಆಮೋಸನದಲ್ಲವೆಂದು ತಳ್ಳಿಹಾಕಿದ್ದರು. ಅವರ ಮಾತನ್ನು ಒಪ್ಪುವ ಮುನ್ನ ಮೂಲ ಪಠ್ಯವನ್ನೇ ವಿಚಾರಿಸಬೇಕೆನಿಸಿತು.

ನೋಟುಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಈ ಐದು ವಚನಗಳ ಹೀಬ್ರೂ ಪದಗಳನ್ನು ಬಲಕ್ಕೆ, ಅವು ಗ್ರಂಥದ ಉಳಿದ ಭಾಗದಲ್ಲಿ ಬರುವ ಜಾಗಗಳನ್ನು ಎಡಕ್ಕೆ ಬರೆದೆ. 5:2ರ (5ನೆಯ ಅಧ್ಯಾಯ, 2ನೆಯ ವಚನ) ಶೋಕಗೀತೆಯಲ್ಲಿ ಇಸ್ರಾಯೇಲ್ ಕನ್ಯೆ ಬಿದ್ದಿದ್ದಾಳೆ, ಇನ್ನು ಏಳಳು. 9:11ರಲ್ಲಿ ಬಿದ್ದದ್ದನ್ನು ದೇವರು ಎಬ್ಬಿಸುತ್ತಾನೆ. ಎರಡೂ ಕಡೆ ‘ನಾಫಲ್’ (ಬೀಳು), ‘ಕೂಮ್’ (ಏಳು) ಎಂಬ ಅವೇ ಧಾತುಗಳು. 5:11ರಲ್ಲಿ ತೋಟ ನೆಟ್ಟವರಿಗೆ ದ್ರಾಕ್ಷಾರಸ ದಕ್ಕುವುದಿಲ್ಲ, 9:14ರಲ್ಲಿ ದಕ್ಕುತ್ತದೆ. ಇದನ್ನು ಕಂಡು, ಬರೆದವನು ಒಬ್ಬನೇ ಇರಬೇಕೆಂದು ಕೆಲವು ದಿನ ನಂಬಿದ್ದೆ. ಆದರೆ ಗ್ರಂಥವನ್ನು ಬಾಯಿಪಾಠವಾಗುವಷ್ಟು ಓದಿಕೊಂಡ ಇನ್ನೊಬ್ಬನೂ ಹೀಗೆಯೇ ಬರೆಯಬಲ್ಲನಲ್ಲವೇ?

ಈ ವಚನಗಳಲ್ಲಿ ಬರುವ ಕೋಟೆಯ ಬಿರುಕು, ಹಾಳುದಿಬ್ಬ, ನೆರೆಯ ಎದೋಮ್ ನಾಡಿನ ಶೇಷ (ಅಳಿದುಳಿದವರು), ‘ಪೂರ್ವಕಾಲದಲ್ಲಿದ್ದಂತೆ’ ಎಂಬ ಹಂಬಲ, ಇವೆಲ್ಲ ಕ್ರಿ.ಪೂ. 587ರ ಸುಮಾರಿಗೆ ಯೆರೂಸಲೇಮ್ ಬಿದ್ದ ನಂತರದ ಯೆಹೂದ್ಯನ ಕಣ್ಣಿಗೆ ಸಹಜ. 9:11ರಲ್ಲಿ ಗುಡಿಸಲಿಗೆ ‘ಬಿದ್ದ’ ಎಂದು ಹೇಳುವ ‘ನೋಫೆಲೆತ್’ ಎಂಬ ಕೃದಂತಕ್ಕೆ ‘ಬೀಳುತ್ತಿರುವ’ ಎಂಬ ಅರ್ಥವೂ ಇರುವುದರಿಂದ ಆ ಒಂದು ಪದದಿಂದಲೇ ಕಾಲವನ್ನು ನಿರ್ಧರಿಸಲಾಗದು, ನಿಜ.

ಬರೆದವನು ಬೇರೊಬ್ಬನೇ ಎಂದು ನನ್ನನ್ನು ಒಪ್ಪಿಸಿದ್ದು ‘ಉಲಾಯ್’, ಅಂದರೆ ‘ಒಂದುವೇಳೆ’, ಎಂಬ ಪುಟ್ಟ ಪದ. ಕೆಟ್ಟದ್ದನ್ನು ದ್ವೇಷಿಸಿ ನ್ಯಾಯವನ್ನು ನೆಲೆಗೊಳಿಸಿದರೆ ಒಂದುವೇಳೆ ಯೋಸೇಫನ ಶೇಷಕ್ಕೆ, ಅಂದರೆ ಉತ್ತರದ ರಾಜ್ಯದಲ್ಲಿ ಉಳಿದವರಿಗೆ, ದಯೆ ದೊರೆತೀತು ಎಂದು 5:15 ಹೇಳುತ್ತದೆ. ಆಮೋಸನ ನಿರೀಕ್ಷೆ ಅಷ್ಟೇ; ಅದಕ್ಕೆ ಷರತ್ತೂ ಇದೆ, ನಡುಕವೂ ಇದೆ. ಕೊನೆಯ ಐದು ವಚನಗಳಲ್ಲಾದರೋ ‘ಒಂದುವೇಳೆ’ಯೂ ಇಲ್ಲ, ನ್ಯಾಯವೆಂಬ ಪದವೂ ಇಲ್ಲ. ಷರತ್ತು ಮುರಿದು, ಶಿಕ್ಷೆ ಬಂದು ಹೋದ ಮೇಲಿನ ಮಾತು ಅದು.

ಹಾಗೆ ಬರೆದವನನ್ನು ವಂಚಕನೆನ್ನಲು ನನ್ನಿಂದಾಗದು. ಮುಂದಿನ ಭಾನುವಾರ ಮೊದಲು 5:11ನ್ನು ಓದಿ, ತುಸು ಹೊತ್ತು ಸುಮ್ಮನಿದ್ದು, ಆಮೇಲೆ 9:14ನ್ನು ಓದಿದೆ. ಬರೆದವರು ಇಬ್ಬರೆಂಬುದನ್ನೂ ಸಭೆಗೆ ಮುಚ್ಚಿಡದೆ ಹೇಳಿದೆ.