ಗಲ್ಲಾದೊಳಗೊಂದು ಮ್ಯಾಗ್ನೆಟ್

ನನ್ನ ಗಲ್ಲಾದಲ್ಲಿ ದುಡ್ಡಿನ ಜೊತೆ ಒಂದು ಮ್ಯಾಗ್ನೆಟ್ ಇರುತ್ತದೆ. ಹಾಳಾದ ಸ್ಪೀಕರ್‌ನಿಂದ ಬಿಚ್ಚಿಕೊಂಡದ್ದು. ಉದ್ದಿನ ವಡೆಯಷ್ಟು ದಪ್ಪ, ವಡೆಯ ಹಾಗೇ ನಡುವೆ ತೂತು. ಹುಬ್ಬಳ್ಳಿಯಿಂದ ಮಾಲು ತರುವವರು ಬಂದರೆ ಮೊದಲು ಚಹಾ ಹೇಳುತ್ತೇನೆ. ಆಮೇಲೆ ಅವರು ತಂದ ಪ್ಲಗ್ಗಿನ ಪಿನ್ನಿಗೆ ಇದನ್ನು ಹಿಡಿಯುತ್ತೇನೆ. ಪಿನ್ನು ಹಿತ್ತಾಳೆಯದಾದರೆ ಮ್ಯಾಗ್ನೆಟ್ ಸುಮ್ನೆ ಜಾರುತ್ತದೆ. ಟಕ್ ಅಂತ ಅಂಟಿದರೆ ಅದು ಕಬ್ಬಿಣ, ಮೇಲೆ ಹಳದಿ ಲೇಪ ಅಷ್ಟೇ. ಅಂಥ ಪಿನ್ನು ತುಕ್ಕು ಹಿಡಿಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಗೋಡೆಯ ಸಾಕೆಟ್ಟನ್ನೂ ಸುಟ್ಟುಹಾಕುತ್ತದೆ.

ನನ್ನದು ಬೆಟಗೇರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮುಂದೆ ಕೌಂಟರ್, ಅಲ್ಲಿ ಬಲ್ಬು, ಫ್ಯಾನು, ವೈರು ಮಾರುತ್ತೇನೆ. ಹಿಂದೆ ಬೆಂಚು, ಅಲ್ಲಿ ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುತ್ತೇನೆ. ಗದಗ-ಬೆಟಗೇರಿ ಅವಳಿ ಊರು ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಬೆಟಗೇರಿ ನೇಕಾರರ ಪಾಲು. ನನ್ನ ಬೆಂಚಿಗೆ ಬರುವ ಅರ್ಧದಷ್ಟು ಮೋಟಾರು ಪವರ್‌ಲೂಮಿನವು. ಉಳಿದವು ಮನೆಯ ಪಂಪು, ಹೊಲದ ಪಂಪು, ಬೇಸಿಗೆಯಲ್ಲಿ ಫ್ಯಾನು. ಮುಂದೆ ಮಾರಿದ್ದು ಒಂದಲ್ಲ ಒಂದು ದಿನ ಹಿಂದಿನ ಬೆಂಚಿಗೆ ಬಂದೇ ಬರುತ್ತದೆ. ಮಾರುವುದಷ್ಟೇ ಕೆಲಸವಾಗಿದ್ದರೆ ನಾನೂ ಈ ದೇಶಿ, ವಿದೇಶಿ ಅಂತ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ.

ಹುಡುಗನಾಗಿದ್ದಾಗ ನಾನು ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುತ್ತಿದ್ದೆ. 6 ವೋಲ್ಟಿನ ಸಣ್ಣ ಬಲ್ಬು ಸುಮಾರು 40 ಬೇಕು. ಅವನ್ನು ಒಂದರ ಹಿಂದೆ ಒಂದು ಬೆಸೆದರೆ ಮನೆಯ 230 ವೋಲ್ಟ್ ಹಂಚಿಹೋಗುತ್ತದೆ. ಬಲ್ಬಿನ ಮೇಲೆ ಬಣ್ಣ ಹಚ್ಚಿ ಒಣಗಿಸಿ, ರಾತ್ರಿ ಹನ್ನೊಂದರವರೆಗೆ ಕೂತು ಸೋಲ್ಡರ್ ಮಾಡಿದರೆ ದಿನಕ್ಕೆ ಐದಾರು ಸೆಟ್ ಆಗುತ್ತಿತ್ತು. ಹಬ್ಬದ ಬಟ್ಟೆ ಅದರಲ್ಲೇ ಬರುತ್ತಿತ್ತು. ಒಂದು ಬಲ್ಬು ಹೋದರೆ ಇಡೀ ಸಾಲು ಆರುತ್ತಿತ್ತು, ನಿಜ. ಆದರೆ ಯಾವುದು ಹೋಯಿತು ಅಂತ ಹುಡುಕಿ ಹೊಸದು ಹಾಕಿದರೆ ಮತ್ತೆ ಹತ್ತುತ್ತಿತ್ತು.

2010ರ ಆಸುಪಾಸಿನಲ್ಲಿ ಹುಬ್ಬಳ್ಳಿಯ ಒಬ್ಬರು ಚೀಲ ಹೊತ್ತು ಅಂಗಡಿಗೆ ಬಂದರು. ಚೀಲದ ತುಂಬ ಅಕ್ಕಿಕಾಳಿನಂಥ ಎಲ್‌ಇಡಿ ಸರ, ಚಾರ್ಜಿಂಗ್ ಬ್ಯಾಟರಿ (ಟಾರ್ಚು), ಸೊಳ್ಳೆ ಬ್ಯಾಟ್. ಸರ 28 ರೂಪಾಯಿಗೆ ಕೊಟ್ಟರು. ನಾನು 60ಕ್ಕೆ ಮಾರಿದೆ. ನಾನು ಕಟ್ಟುತ್ತಿದ್ದ ಸೆಟ್ಟಿಗೆ ಬರೀ ಬಲ್ಬು, ವೈರಿನ ಖರ್ಚೇ ಅದಕ್ಕಿಂತ ಜಾಸ್ತಿ. ಆ ದೀಪಾವಳಿಗೆ ನಾಲ್ಕು ದಿನದಲ್ಲಿ ಮಾಲು ಖಾಲಿ. ಮುಂದಿನ ವರ್ಷ ಸೀರಿಯಲ್ ಸೆಟ್ ಕಟ್ಟುವ ಕೆಲಸವನ್ನೇ ಬಿಟ್ಟೆ. ಓಣಿಯ ಇಬ್ಬರು ಹುಡುಗರು ನನ್ನ ಕೈಕೆಳಗೆ ಕಟ್ಟುತ್ತಿದ್ದರು, ಅವರಿಗೂ ಕೆಲಸ ಇಲ್ಲವಾಯಿತು. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕಿಕೊಂಡದ್ದು ಆಗ ಗೊತ್ತಾಗಲಿಲ್ಲ. ಗಲ್ಲಾ ತುಂಬಿತ್ತಲ್ಲ!

ಗೊತ್ತಾಗಿದ್ದು ಚಾರ್ಜಿಂಗ್ ಬ್ಯಾಟರಿಯಿಂದ. ಓಣಿಯ ಹಿರಿಯ ನೇಕಾರರೊಬ್ಬರು, ನಾನು ಕಾಕಾ ಅಂತಲೇ ಕರೆಯುವುದು, ಮೂರೇ ತಿಂಗಳಿಗೆ ಅದನ್ನು ತಂದು ಕೌಂಟರಿನ ಮೇಲೆ ಇಟ್ಟರು.

"ತಮ್ಮಾ, ಇದು ಚಾರ್ಜ್ ಹಿಡಿಯಾಕತ್ತಿಲ್ಲ ನೋಡು. ರಿಪೇರಿ ಮಾಡಿಕೊಡು."

ಬಿಚ್ಚೋಣ ಅಂದರೆ ಒಂದೂ ಸ್ಕ್ರೂ ಇಲ್ಲ. ಸುತ್ತ ಅಂಟು ಹಾಕಿ ಮುಚ್ಚಿದ್ದಾರೆ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಒಳಗೆ 4 ವೋಲ್ಟಿನ ಒಂದು ಬ್ಯಾಟರಿ, ಒಂದು ಕಂಡೆನ್ಸರ್, ನಾಲ್ಕು ಡಯೋಡ್. ಟ್ರಾನ್ಸ್‌ಫಾರ್ಮರ್ ಇಲ್ಲ. ಅಂದರೆ ಗೋಡೆಯ ಕರೆಂಟಿಗೂ ಒಳಗಿನ ತಂತಿಗೂ ನಡುವೆ ಬೇಲಿಯೇ ಇಲ್ಲ. ಚಾರ್ಜಿಗೆ ಹಾಕಿದಾಗ ಹೊರಗಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದು, ಬೆರಳು ಒಳಗೆ ತಾಕಿದರೆ ಮುಗಿಯಿತು. ಕಾಕಾನ ಮನೆಯಲ್ಲಿ ಅದನ್ನು ಚಾರ್ಜಿಗೆ ಹಾಕುತ್ತಿದ್ದದ್ದು ಮೊಮ್ಮಗಳು. ನನಗೆ ಬೆವರು ಬಂತು. ದುಡ್ಡು ವಾಪಸ್ ಕೊಟ್ಟೆ. ಅಂಗಡಿಯಲ್ಲಿ ಉಳಿದಿದ್ದ ಏಳೆಂಟನ್ನು ಡಬ್ಬಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟೆ. ಈಗಲೂ ಅಲ್ಲೇ ಇವೆ, ಎಸೆಯೋಕೂ ಮನಸ್ಸು ಬರಲ್ಲ, ಮಾರೋಕೂ ಧೈರ್ಯ ಇಲ್ಲ.

ಅವತ್ತು ಶಪಥ ಮಾಡಿದೆ, ಇನ್ನು ಮುಂದೆ ನಮ್ಮ ದೇಶದ ಮಾಲೇ ಸೈ ಅಂತ. ಯಾವುದು ನಮ್ಮ ದೇಶದ್ದು ಅಂತ ಗುರುತಿಸುವುದು ಹೇಗೆ? ಯಾರೋ ಹೇಳಿದರು, ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು. ಒಂದು ವರ್ಷ ಅದನ್ನೇ ನಂಬಿ ಗಿರಾಕಿಗಳಿಗೂ ಪಾಠ ಹೇಳಿದೆ. ಆಮೇಲೆ ಒಂದು ಮಲ್ಟಿಪ್ಲಗ್ಗಿನ ಡಬ್ಬ ಕೈಗೆ ಬಂತು. ಬಾರ್‌ಕೋಡ್ 890. ತಿರುಗಿಸಿ ನೋಡಿದರೆ ತಳದಲ್ಲಿ ಸಾಸಿವೆ ಕಾಳಿನಂಥ ಅಕ್ಷರದಲ್ಲಿ 'ಮೇಡ್ ಇನ್ ಪಿಆರ್‌ಸಿ'. ಪಿಆರ್‌ಸಿ ಅಂದರೆ ಚೀನಾನೇ, ಆ ದೇಶದ ಪೂರ್ತಿ ಹೆಸರಿನ ಮೊದಲ ಅಕ್ಷರಗಳು. 890 ಹೇಳುವುದು ಆ ನಂಬರನ್ನು ಇಲ್ಲಿಯ ಸಂಸ್ಥೆಯಿಂದ ಪಡೆದಿದ್ದಾರೆ ಅಂತ ಮಾತ್ರ. ವಸ್ತು ಎಲ್ಲಿ ಹುಟ್ಟಿತು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಲ್ಲಿಂದ ಡಬ್ಬ ಓದುವ ಚಟ ಹತ್ತಿತು. ಮುಂದುಗಡೆ ಚಿತ್ರ, ತಾರೆ, ಬಾವುಟದ ಬಣ್ಣ ಏನಿದ್ದರೂ ನೋಡಲ್ಲ, ಸೀದಾ ತಳಕ್ಕೆ ಹೋಗುತ್ತೇನೆ. 'ಮ್ಯಾನುಫ್ಯಾಕ್ಚರ್ಡ್ ಬೈ' ಅಂತ ಇದೆಯೋ, ಬರೀ 'ಮಾರ್ಕೆಟೆಡ್ ಬೈ' ಅಂತ ಇದೆಯೋ? ಎರಡನೆಯದಾದರೆ ಆ ವಿಳಾಸದಲ್ಲಿ ಗೋದಾಮು ಇರಬಹುದು, ಕಾರ್ಖಾನೆ ಅಲ್ಲ. ಹೊರಗಿನಿಂದ ಬಂದ ಪ್ಯಾಕೆಟ್ಟಿನ ಮೇಲೆ ಹುಟ್ಟಿದ ದೇಶದ ಹೆಸರು, ತರಿಸಿದವರ ಹೆಸರು, ವಿಳಾಸ ಇರಬೇಕು ಅಂತ ಕಾನೂನಿದೆ. ಏನೂ ಬರೆಯದೆ ಬರೀ ಚೀಲದಲ್ಲಿ ಬಂದ ಮಾಲನ್ನು ಮುಟ್ಟುವುದೇ ಇಲ್ಲ. ಇನ್ನು ಐಎಸ್‌ಐ ಗುರುತು. ಅದರ ಮೇಲೆ ಐಎಸ್ ನಂಬರ್ ಇರುತ್ತದೆ, ಮನೆಯ ವೈರಿಗಾದರೆ ಐಎಸ್ 694. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್. ಆ ನಂಬರನ್ನು, ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲೂ ಒಂದು ಕೊಕ್ಕೆ ಇದೆ. ವಿದೇಶದ ಕಾರ್ಖಾನೆಯೂ ಐಎಸ್‌ಐ ಲೈಸೆನ್ಸ್ ಪಡೆಯಬಹುದು. ಹಾಗಾಗಿ ಅದು ಗುಣಮಟ್ಟದ ಗುರುತು, ಊರಿನ ಗುರುತಲ್ಲ. ನನಗೆ ಅಷ್ಟು ಸಾಕು.

ಇಷ್ಟೆಲ್ಲ ಕಲಿತ ಮೇಲೂ ಮೋಸ ಹೋದೆ, ಅದೂ ಅಪ್ಪಟ ದೇಶಿ ಮಾಲಿನಲ್ಲಿ.

ಹುಲಕೋಟಿ ಕಡೆಯ ಗೌಡರೊಬ್ಬರು ಮನೆಗೆ 1 ಎಚ್‌ಪಿ ಪಂಪು ಬೇಕು ಅಂದರು. ನಮ್ಮ ದೇಶದಲ್ಲೇ ತಯಾರಾದದ್ದು, ವಿಳಾಸ ಸರಿಯಾಗಿತ್ತು, ಬಿಲ್ಲೂ ಇತ್ತು. ಬೆಲೆ ಬೇರೆಯವುಗಳಿಗಿಂತ 900 ರೂಪಾಯಿ ಕಡಿಮೆ. "ಇದು ನಮ್ಮದೇ ದೇಶದ್ದು ಗೌಡ್ರ, ಚಿಂತಿ ಬಿಡ್ರಿ" ಅಂತ ಎದೆ ತಟ್ಟಿ ಹೇಳಿ ಕೊಟ್ಟೆ. ಎರಡನೇ ಬೇಸಿಗೆಗೆ ಸುಟ್ಟು ಬಂತು. ಎತ್ತಿದಾಗಲೇ ಅನುಮಾನ ಬಂತು, ಕೈಗೆ ಹಗುರ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಬಿಚ್ಚಿ ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲಿನ ಎನಾಮಲ್ ತಾಮ್ರದ ಬಣ್ಣ, ಕೆಳಗೆ ಬೆಳ್ಳಗೆ ಹೊಳೆಯುತ್ತಿದೆ.

ಅಲ್ಯೂಮಿನಿಯಂ ವೈಂಡಿಂಗ್ ಅಂದರೆ ಪಾಪ ಅಂತ ನಾನು ಹೇಳುವುದಿಲ್ಲ. ಲೆಕ್ಕ ಹಾಕಿ ದಪ್ಪ ತಂತಿ ಸುತ್ತಿದರೆ ಅದೂ ನಡೆಯುತ್ತದೆ. ಆದರೆ ಅಷ್ಟೇ ದಪ್ಪದ ತಂತಿಯಾದರೆ ಕರೆಂಟಿಗೆ ತಾಮ್ರದ ಸುಮಾರು 1.6 ಪಟ್ಟು ತಡೆ. ನಮ್ಮಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತದೆ, ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿ ಏರುತ್ತದೆ. ಜೋಡಣೆಯಲ್ಲಿ ಸಾಮಾನ್ಯ ಸೋಲ್ಡರ್ ಹಿಡಿಯುವುದಿಲ್ಲ, ಅಲ್ಲಿ ಸಡಿಲಾಗಿ ಕಿಡಿ. ಆ ಪಂಪಿನಲ್ಲಿ ತಂತಿ ಕೂರುವ ಸ್ಲಾಟಿನಲ್ಲಿ ದಪ್ಪ ತಂತಿಗೆ ಜಾಗವೇ ಇರಲಿಲ್ಲ. ನನ್ನ ಮ್ಯಾಗ್ನೆಟ್ ಇಲ್ಲಿ ಕೆಲಸಕ್ಕೆ ಬರಲಿಲ್ಲ ನೋಡಿ, ಅದು ತಾಮ್ರಕ್ಕೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ. ಗೌಡರ ಪಂಪಿಗೆ ನನ್ನ ಕೈಯಿಂದಲೇ ಖರ್ಚು ಹಾಕಿ ತಾಮ್ರದ ವೈಂಡಿಂಗ್ ಮಾಡಿಕೊಟ್ಟೆ. ಆ ಕಂಪನಿಯ ಏಜೆಂಟನ ಫೋನ್ ರಿಂಗಾಗುತ್ತಲೇ ಇತ್ತು, ಎತ್ತಿದ್ದು ಮೂರನೇ ವಾರಕ್ಕೆ. "ರೇಟಿಗೆ ತಕ್ಕ ಮಾಲು ಅಣ್ಣಾರ" ಅಂದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ಆಮೇಲೆ ನಾನು ಕೇಳುವ ಪ್ರಶ್ನೆ ಬದಲಾಯಿತು. ಯಾವ ದೇಶದ್ದು ಅಂತ ಕೇಳುತ್ತೇನೆ, ಆದರೆ ಎರಡನೆಯದಾಗಿ. ಮೊದಲು ಕೇಳುವುದು, ಇದನ್ನು ಬಿಚ್ಚೋಕೆ ಬರುತ್ತದಾ? ಬೇರಿಂಗ್ ಹೋದರೆ ಹುಬ್ಬಳ್ಳಿಯಲ್ಲಿ ಸಿಗುತ್ತದಾ? 6203 ಅಂದರೆ ಜಗತ್ತಿನ ಯಾವ ಕಂಪನಿ ಮಾಡಿದರೂ ಒಂದೇ ಅಳತೆ, ಅಂಥ ನಂಬರಿನದು ಹಾಕಿದ್ದಾರಾ ಅಥವಾ ತಮ್ಮದೇ ಅಳತೆಯ ಬುಷ್ ಕೂರಿಸಿದ್ದಾರಾ? ಸುಟ್ಟರೆ ಫೋನ್ ಎತ್ತುವವರು ಯಾರು? ಈ ಜರಡಿಯಲ್ಲಿ ಅಗ್ಗದ ವಿದೇಶಿ ಮಾಲು ಮುಕ್ಕಾಲು ಪಾಲು ಉದುರಿಹೋಗುತ್ತದೆ. ನಮ್ಮವೂ ಕೆಲವು ಉದುರುತ್ತವೆ. ಬೀಡಿನ, ಅಂದರೆ ಎರಕದ ಕಬ್ಬಿಣದ ಮೈಯ ಹಳೆಯ ಲೂಮ್ ಮೋಟಾರು ಇಂದಿಗೂ ಬೆಂಚಿಗೆ ಬರುತ್ತವೆ, ಒಂದನ್ನು ನಾನೇ ಮೂರು ಸಲ ಸುತ್ತಿದ್ದೇನೆ. ಅದರ ಮೇಲಿನ ಹೆಸರು ಸವೆದು ಹೋಗಿದೆ, ಯಾರು ಮಾಡಿದ್ದು ಅಂತ ಮಾಲೀಕರಿಗೂ ನೆನಪಿಲ್ಲ.

ಗಿರಾಕಿ ಒಪ್ಪುತ್ತಾರಾ? ಎಲ್ಲರೂ ಇಲ್ಲ. ಫ್ಯಾನಿನ ವಿಷಯ ತಗೊಳ್ಳಿ. ಮಾಮೂಲಿ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. ಮೊದಲೆಲ್ಲ ಈ ಲೆಕ್ಕವನ್ನು ರಟ್ಟಿನ ಮೇಲೆ ಬರೆದು ತೋರಿಸುತ್ತಿದ್ದೆ. 2023ರಲ್ಲಿ ಗೃಹಜ್ಯೋತಿ ಬಂತು, ರಟ್ಟು ಮೂಲೆಗೆ ಹೋಯಿತು. ಬಿಲ್ಲೇ ಬರದವರಿಗೆ ಯೂನಿಟ್ ಲೆಕ್ಕ ಯಾಕೆ? ಇದರಲ್ಲಿ ನನಗೂ ಒಂದು ಸಂಕಟ ಇದೆ. ಬಿಎಲ್‌ಡಿಸಿ ಫ್ಯಾನು ನಮ್ಮ ದೇಶದ ಕಂಪನಿಗಳೇ ಚೆನ್ನಾಗಿ ಮಾಡುತ್ತಿವೆ. ಆದರೆ ಬೋರ್ಡ್ ಹೋದರೆ ವೈಂಡಿಂಗ್ ಮಾಡುವ ನನ್ನ ಕೈಯಲ್ಲಿ ಏನೂ ಇಲ್ಲ. ಕೆಲವದರಲ್ಲಿ ಬೋರ್ಡಿನ ಮೇಲೆ ರಾಳ ಸುರಿದು ಮುಚ್ಚಿರುತ್ತಾರೆ. ಆ ರಾಳದ ಕೆಳಗಿನ ಚಿಪ್ಪು ಎಲ್ಲಿಯದೋ ದೇವರಿಗೇ ಗೊತ್ತು. ದೇಶಿ ಅಂತ ಖುಷಿಪಡಲಾ, ಬಿಚ್ಚೋಕೆ ಬರಲ್ಲ ಅಂತ ಬೇಜಾರಾಗಲಾ? ಮಾರುತ್ತೇನೆ, ಬೋರ್ಡ್ ಬೇರೆಯಾಗಿ ಕೊಡುವ ಕಂಪನಿಯದನ್ನು ಮಾತ್ರ.

ಅಗ್ಗದ್ದೇ ಬೇಕು ಅನ್ನುವವರ ಜೊತೆ ಜಗಳ ಆಡುವುದಿಲ್ಲ. ಜಾತ್ರೆಯಲ್ಲಿ ಎರಡು ದಿನ ಅಂಗಡಿ ಹಾಕುವವನಿಗೆ 60 ರೂಪಾಯಿ ಸರವೇ ಸರಿ. "ಇದು ಹಬ್ಬಕ್ಕೆ ಮಾತ್ರ, ವಾಪಸ್ ಇಲ್ಲ, ಮಳೆಗೆ ಹಚ್ಚಬ್ಯಾಡ" ಅಂತ ಹೇಳಿಯೇ ಕೊಡುತ್ತೇನೆ. ಪ್ಲಗ್ಗು, ಎಕ್ಸ್‌ಟೆನ್ಷನ್ ಬೋರ್ಡು, ವೈರಿನಲ್ಲಿ ಮಾತ್ರ ಈ ಸಡಿಲ ಇಲ್ಲ. ಅಲ್ಲಿ ಗಿರಾಕಿ ಹೋದರೂ ಹೋಗಲಿ.

ಇನ್ನು ನನ್ನ ಬೆಂಚಿನ ಮೇಲೆ ಏನಿದೆ ಅಂತ ಯಾರಾದರೂ ಕೇಳಿದರೆ ನಾಚಿಕೆ ಇಲ್ಲದೆ ಹೇಳುತ್ತೇನೆ. ಮಲ್ಟಿಮೀಟರ್ ಚೀನಾದ್ದು. ಆರು ವರ್ಷ ಆಯಿತು, ಎರಡು ಸಲ ಕೆಳಗೆ ಬಿದ್ದಿದೆ, ಇನ್ನೂ ಸರಿಯಾಗಿ ತೋರಿಸುತ್ತದೆ. ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್ ಹೊಸದರಲ್ಲೇ 1.7 ಇದೆ ಅಂತ ಅದೇ ಮೀಟರ್ ನನಗೆ ಹಿಡಿದು ಕೊಟ್ಟದ್ದು. ಆ ಕಂಡೆನ್ಸರ್ ದೇಶಿ!

ಕಾಕಾ ಒಮ್ಮೆ ಫ್ಯಾನು ಕೊಳ್ಳುವಾಗ 200 ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡಿದರು. ಚೌಕಾಶಿ ಮುಗಿದ ಮೇಲೆ ಚಹಾ ಕುಡಿಯುತ್ತ, "ನಮ್ಮ ಸೀರಿ ಯಾರೂ ತಗೊಳ್ಳವಲ್ರು ತಮ್ಮಾ, ಎಲ್ಲಾರಿಗೂ ಅಗ್ಗದ್ದ ಬೇಕು" ಅಂದರು.

"ಚೀನಾದ್ದು ಬರಾಕತ್ತೈತೇನು ಕಾಕಾ?"

"ಚೀನಾ ಎಲ್ಲಿಂದ ಬಂತು? ಸೂರತ್ತಿಂದು."

ನಾನು ಮಾತಾಡಲಿಲ್ಲ. ಸೂರತ್ತೂ ನಮ್ಮ ದೇಶವೇ ಅಲ್ವಾ? ಬಾವುಟದ್ದೂ ಇದೇ ಕಥೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಸಂಘ ರಾಷ್ಟ್ರಧ್ವಜ ಹೊಲಿಯುತ್ತದೆ. ನೂಲು ಕೈಯಲ್ಲೇ ತೆಗೆದು, ಕೈಮಗ್ಗದಲ್ಲೇ ನೇಯ್ದ ಬಟ್ಟೆ. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ಮೆಷಿನ್ನಿನ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ ನನ್ನ ಕೌಂಟರಿನ ಮೇಲೂ 25 ರೂಪಾಯಿಯ ಪಾಲಿಸ್ಟರ್ ಬಾವುಟ ಇತ್ತು. ಕಾಕಾ ಅದನ್ನು ನೋಡಿ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿದರು, ಏನೂ ಅನ್ನದೆ ಇಟ್ಟರು. ಕೊನೆಗೆ ಫ್ಯಾನಿಗೆ ನಾನು 100 ರೂಪಾಯಿ ಬಿಟ್ಟೆ. ಆ ವರ್ಷ ಹೆಂಡತಿಗೆ ದೀಪಾವಳಿ ಸೀರೆ ಕಾಕಾನ ಮಗ್ಗದ್ದೇ ತಂದೆ. ಅವರು ಒಂದು ರೂಪಾಯಿಯೂ ಬಿಡಲಿಲ್ಲ.

ಹುಬ್ಬಳ್ಳಿಯಿಂದ ಮಾಲು ತರುವವರು ಮೊನ್ನೆಯೂ ಬಂದಿದ್ದರು. ಚಹಾ ಹೇಳಿದೆ. ಮ್ಯಾಗ್ನೆಟ್ ತೆಗೆದು ಒಂದೊಂದೇ ಪ್ಲಗ್ಗಿಗೆ ಹಿಡಿದೆ. ಒಂದೂ ಅಂಟಲಿಲ್ಲ. ಆಶ್ಚರ್ಯದಿಂದ ಮುಖ ನೋಡಿದೆ. ಅವರು ನಕ್ಕು ಅಂಗಿಯ ಜೇಬಿನಿಂದ ತಮ್ಮದೇ ಒಂದು ಸಣ್ಣ ಮ್ಯಾಗ್ನೆಟ್ ತೆಗೆದು ತೋರಿಸಿದರು.

"ನಿಮ್ಮ ಅಂಗಡಿಗೆ ಬರೂಮುಂದ ನಾನ ಆರಿಸಿಕೊಂಡು ಬರ್ತೀನ್ರಿ ಅಣ್ಣಾರ."

"ಅಂಟಿದ್ದವನ್ನ ಏನ್ ಮಾಡ್ತೀರಿ?"

ಅವರು ಬಸಿ ಕೆಳಗಿಟ್ಟು ಚೀಲ ಹೆಗಲಿಗೆ ಏರಿಸಿದರು. "ಮುಂದಿನ ಅಂಗಡಿಗೆ" ಅಂದರು.