ಹುದ್ದೆಗಿಂತ ದೀರ್ಘವಾದ ಲೆಕ್ಕ

ಸೈದ್ಧಾಂತಿಕ ಕಣಭೌತವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದವರು ಖಾಯಂ ಹುದ್ದೆ ಸಿಗುವವರೆಗೆ ಎರಡು ಮೂರು ವರ್ಷಗಳ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧಕ ಹುದ್ದೆ) ಅವಧಿಗಳನ್ನು ಒಂದಾದ ಮೇಲೊಂದರಂತೆ, ಹೆಚ್ಚಾಗಿ ಬೇರೆ ಬೇರೆ ದೇಶಗಳಲ್ಲಿ ಕಳೆಯುತ್ತಾರೆ. ಯೂರೋಪಿನಲ್ಲಿ ನಾನು ಕೆಲಸ ಮಾಡಿದ್ದೂ ಹೀಗೆಯೇ. ಶರತ್ಕಾಲದಲ್ಲಿ ಅರ್ಜಿ, ಚಳಿಗಾಲದಲ್ಲಿ ಉತ್ತರ, ಮುಂದಿನ ಶರತ್ಕಾಲದಲ್ಲಿ ಹೊಸ ಜಾಗ ಎಂಬುದು ಇಲ್ಲಿನ ಕ್ರಮವಾದ್ದರಿಂದ, ಎರಡು ವರ್ಷದ ಹುದ್ದೆಯಲ್ಲಿ ಮುಂದಿನ ಅರ್ಜಿಗೆ ತೋರಿಸಬಹುದಾದ ಫಲಿತಾಂಶಕ್ಕೆ ಸಿಗುವುದು ಸುಮಾರು ಒಂದೇ ವರ್ಷ.

ನನ್ನ ಕ್ಷೇತ್ರವಾದ ಬಹು-ಲೂಪ್ ಲೆಕ್ಕಗಳಿಗೆ, ಅಂದರೆ ಕಣಗಳ ಗುಣಗಳಿಗೆ ಸೂಕ್ಷ್ಮ ತಿದ್ದುಪಡಿಗಳನ್ನು ಹಂತಹಂತವಾಗಿ, ಪ್ರತಿ ಹಂತಕ್ಕೂ ಒಂದು ಲೂಪ್ ಹೆಚ್ಚುವಂತೆ, ಕಂಡುಹಿಡಿಯುವ ಲೆಕ್ಕಗಳಿಗೆ ಅಷ್ಟು ಸಮಯ ಸಾಲದು. ಎಲೆಕ್ಟ್ರಾನಿನ ಕಾಂತೀಯ ಮೊಮೆಂಟಿಗೆ (ಅದು ಎಷ್ಟು ಬಲದ ಪುಟ್ಟ ಕಾಂತ ಎಂಬುದರ ಅಳತೆಗೆ) ಭೌತವಿಜ್ಞಾನಿ ಶ್ವಿಂಗರ್ 1948ರಲ್ಲಿ ಕಂಡುಹಿಡಿದ ಮೊದಲ ತಿದ್ದುಪಡಿಯಲ್ಲಿ ಒಂದೇ ಫೈನ್‌ಮನ್ ಚಿತ್ರ (ಕಣಗಳ ಒಂದು ಪ್ರಕ್ರಿಯೆಯನ್ನೂ ಅದಕ್ಕೆ ತಕ್ಕ ಗಣಿತ ಪದವನ್ನೂ ಸೂಚಿಸುವ ರೇಖಾಚಿತ್ರ) ಇದೆ. ಎರಡನೆಯ ಹಂತದಲ್ಲಿ 7, ಮೂರರಲ್ಲಿ 72, ನಾಲ್ಕರಲ್ಲಿ 891, ಐದರಲ್ಲಿ 12,672. ಆ ಏಳೇ ಚಿತ್ರಗಳಿಂದ 1950ರಲ್ಲಿ ಪ್ರಕಟವಾದ ಸಂಖ್ಯೆಯೂ ತಪ್ಪಾಗಿತ್ತು. 1957ರಲ್ಲಿ ಪೀಟರ್‌ಮನ್ ಮತ್ತು ಸಾಮರ್‌ಫೀಲ್ಡ್ ಬೇರೆ ಬೇರೆಯಾಗಿ ಲೆಕ್ಕ ಹಾಕಿದ ಮೇಲೆಯೇ ಅದು ಸರಿಯಾಯಿತು. ಅವಧಿ ಮುಗಿಯುತ್ತಿದೆ ಎಂಬ ಕಾರಣಕ್ಕೆ ಲೆಕ್ಕದ ಪರೀಕ್ಷೆಯನ್ನು ಮೊಟಕುಗೊಳಿಸಬಾರದೆಂದು ನಾನು ಆರಂಭದಲ್ಲಿಯೇ ನಿಶ್ಚಯಿಸಿಕೊಂಡಿದ್ದಕ್ಕೆ ಈ ಇತಿಹಾಸವೇ ಕಾರಣ.

ಹಾಗಾದರೆ ಅರ್ಜಿಯ ಹೊತ್ತಿಗೆ ಏನನ್ನು ತೋರಿಸುವುದು? ನಾನು ಕಂಡುಕೊಂಡ ದಾರಿಯೆಂದರೆ, ದೊಡ್ಡ ಲೆಕ್ಕದೊಳಗೆ ತಾನಾಗಿಯೇ ಅರ್ಥಪೂರ್ಣವಾಗಿ ನಿಲ್ಲುವ ಭಾಗವನ್ನು ಮೊದಲು ಬಿಡಿಸುವುದು. ಮುಚ್ಚಿದ ಫರ್ಮಿಯಾನ್ ಲೂಪ್ (ಎಲೆಕ್ಟ್ರಾನಿನಂಥ ಕಣದ ರೇಖೆ ಸುತ್ತಿ ತನ್ನನ್ನೇ ಸೇರಿಕೊಳ್ಳುವುದು) ಇರುವ ಚಿತ್ರಗಳ ಗುಂಪು ಸಾಮಾನ್ಯವಾಗಿ ಅಂಥ ಭಾಗ: ಅದರ ಮೊತ್ತ ಗೇಜ್ ಆಯ್ಕೆಯನ್ನು (ಭೌತಿಕ ಫಲಿತಾಂಶವನ್ನು ಬದಲಿಸದ, ಲೆಕ್ಕ ಬರೆಯುವ ಕ್ರಮದ ಆಯ್ಕೆಯನ್ನು) ಅವಲಂಬಿಸುವುದಿಲ್ಲ, ಬೇರೆಯವರು ಅದನ್ನಷ್ಟೇ ತಾಳೆ ನೋಡಬಹುದು, ಆದ್ದರಿಂದ ಪ್ರತ್ಯೇಕ ಪ್ರಬಂಧವಾಗಿ ಪ್ರಕಟಿಸಲು ಯೋಗ್ಯ. ಲಪೋರ್ಟಾ 2000ದಲ್ಲಿ ಪ್ರಕಟಿಸಿದ ವಿಧಾನದಿಂದ, ಚಿತ್ರಗಳಿಂದ ಬರುವ ಸಾವಿರಾರು ಇಂಟಿಗ್ರಲ್‌ಗಳನ್ನು (ಅನುಕಲಗಳನ್ನು) ಕೆಲವೇ ಮೂಲ ಇಂಟಿಗ್ರಲ್‌ಗಳಿಗೆ ಇಳಿಸಬಹುದು. ಈ ಭಾಗಕ್ಕಾಗಿ ಹಾಗೆ ಇಳಿಸಿ ಸಿದ್ಧಪಡಿಸಿದ ಕೋಷ್ಟಕಗಳಲ್ಲಿ ಹಲವು ಉಳಿದ ಲೆಕ್ಕಕ್ಕೂ ಬೇಕಾಗುವುದರಿಂದ ಶ್ರಮ ವ್ಯರ್ಥವಾಗುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ನಾನು ಹಟಮಾರಿ. ಗೇಜ್ ಆಯ್ಕೆಯನ್ನು ಸೂಚಿಸುವ ಪ್ಯಾರಾಮೀಟರ್‌ಗೆ ಸಂಖ್ಯೆಯ ಬೆಲೆ ಕೊಡದೆ ಅಕ್ಷರವಾಗಿಯೇ ಉಳಿಸಿಕೊಳ್ಳುತ್ತೇನೆ. ಎಲ್ಲ ಚಿತ್ರಗಳನ್ನು ಕೂಡಿದಾಗ ಅದು ಪೂರ್ತಿ ಮಾಯವಾಗಬೇಕು. ರೀನಾರ್ಮಲೈಸೇಷನ್ (ಲೆಕ್ಕದಲ್ಲಿ ಬರುವ ಅನಂತಗಳನ್ನು ದ್ರವ್ಯರಾಶಿ, ವಿದ್ಯುದಾವೇಶಗಳ ಅಳೆದ ಬೆಲೆಗಳಲ್ಲಿ ಸೇರಿಸಿಬಿಡುವ ಕ್ರಮ) ಆದ ಮೇಲೆ ಅನಂತಕ್ಕೆ ಹೋಗುವ ಪದಗಳೂ ಉಳಿಯಬಾರದು. ಒಂದು ಚಿಹ್ನೆ ತಿರುಗಿದ್ದರೂ ಬಹುಮಟ್ಟಿಗೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ ಈ ಎರಡೂ ಜರಡಿಗಳಿಂದ ನುಸುಳಿಹೋಗುವ ದೋಷಗಳಿವೆ. ಅವುಗಳಿಗಾಗಿ ಬೇರೆ ಸಂಸ್ಥೆಯಲ್ಲಿರುವ ಸಹಲೇಖಕರು ತಮ್ಮದೇ ಪ್ರೋಗ್ರಾಂ ಬರೆದು ಅದೇ ಲೆಕ್ಕವನ್ನು ಮಾಡುತ್ತಾರೆ. ಇಬ್ಬರ ಸಂಖ್ಯೆಗಳು ಕೂಡಿಬರುವವರೆಗೆ ಪ್ರೋಗ್ರಾಂಗಳನ್ನು ಪರಸ್ಪರ ತೋರಿಸಿಕೊಳ್ಳುವುದಿಲ್ಲ.

ದೇಶ ಬದಲಾದಾಗ ಹಳೆಯ ಕಂಪ್ಯೂಟರ್ ಕ್ಲಸ್ಟರಿನ ಖಾತೆ ಮುಚ್ಚಿಹೋಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಹೊಸ ಸ್ಥಳದ ಯಂತ್ರದಲ್ಲಿ ಒಂದು ಲೂಪ್ ಕಡಿಮೆ ಇರುವ, ಉತ್ತರ ಗೊತ್ತಿರುವ ಲೆಕ್ಕವನ್ನು ಓಡಿಸಿ ನೋಡುತ್ತೇನೆ. ಅರ್ಜಿಯ ಸಂಶೋಧನಾ ವಿವರಣೆಯಲ್ಲಿಯೂ ಮುಗಿಯದ ಲೆಕ್ಕವನ್ನು ಮುಚ್ಚಿಡದೆ, ಯಾವ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಿದೆ, ಯಾವುದು ಬಾಕಿಯಿದೆ ಎಂದು ಬರೆಯುತ್ತೇನೆ. ಶಿಫಾರಸು ಪತ್ರ ಬರೆಯುವವರಿಗೂ ಅದೇ ವಿವರವನ್ನು ಮುಂಚಿತವಾಗಿ ಕಳುಹಿಸುತ್ತೇನೆ. ಸಂದರ್ಶನದಲ್ಲಿ ಅತ್ಯಂತ ಸೂಕ್ಷ್ಮವಾದ ಪ್ರಶ್ನೆಗಳು ಬಂದಿರುವುದು ಆ ಬಾಕಿ ಭಾಗದ ಮೇಲೆಯೇ.