ಸೀತಾಳೆ ಸಿಡುಬು ಮತ್ತು ನಮ್ಮ ಬಚ್ಚಲ ಹಂಡೆ

ಮಗನಿಗೆ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಎದ್ದ 15ನೆಯ ದಿನಕ್ಕೆ, 38ರ ವಯಸ್ಸಿನಲ್ಲಿ, ನನ್ನ ಎದೆಯ ಮೇಲೂ ನೀರುಗುಳ್ಳೆಗಳು ಕಾಣಿಸಿಕೊಂಡವು. ದೊಡ್ಡವರಿಗೆ ಬಂದರೆ ಇದು ಬಿರುಸಾಗಿರುತ್ತದೆಂದು ತೀರ್ಥಹಳ್ಳಿಯ ವೈದ್ಯರು 24 ಗಂಟೆಯೊಳಗೇ ವೈರಸ್ ತಡೆಯುವ ಅಸೈಕ್ಲೊವಿರ್ ಮಾತ್ರೆ ಆರಂಭಿಸಿದರು. ಮಾತ್ರೆಯ ವಿಷಯದಲ್ಲಿ ಮನೆಯಲ್ಲಿ ತಕರಾರು ಬರಲಿಲ್ಲ. ಬಂದದ್ದು ಸ್ನಾನದ ವಿಷಯದಲ್ಲಿ. ‘ಅಮ್ಮ’ (ಈ ಸಿಡುಬಿಗೆ ಹಿರಿಯರು ಹೇಳುವ ಹೆಸರು) ಇಳಿಯುವವರೆಗೆ ಮೈಗೆ ನೀರು ಸೋಕಿಸಬಾರದು, 9ನೆಯ ದಿನ ಬೇವಿನ ನೀರು ಹಾಕಿದರಾಯಿತು ಎಂಬುದು ನನ್ನ ತಾಯಿಯ ಪಟ್ಟು. ಬೆವರು, ಕೊಳೆ ಕೂತ ಚರ್ಮವನ್ನು ಕೆರೆದರೆ ಗುಳ್ಳೆ ಕೀವಾಗುತ್ತದೆ, ಆದ್ದರಿಂದ ದಿನವೂ ಮೀಯಿರಿ ಎಂದು ವೈದ್ಯರು ಹೇಳಿದ್ದರು.

ಜ್ವರ ಬಿಟ್ಟ ದಿನವೇ ಮಿಂದೆ, ಆದರೆ ಮಿಂದ ರೀತಿ ತಪ್ಪಾಗಿತ್ತು. ನಮಗೆ ಸ್ನಾನವೆಂದರೆ ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಹಂಡೆಯ ನೀರು, ಅದೂ ಮೈ ಕೆಂಪಾಗುವಷ್ಟು ಬಿಸಿ. ಆ ಕ್ಷಣಕ್ಕೆ ಹಾಯೆನಿಸಿದರೂ ಅಂದು ರಾತ್ರಿಯಿಡೀ ತುರಿಕೆಯಿಂದ ಕಣ್ಣು ಮುಚ್ಚಲಿಲ್ಲ. ಮರುದಿನದಿಂದ ಮೊಣಕೈ ಅದ್ದಿದರೆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಒಂದು ಬಕೆಟ್ ನೀರನ್ನು, ಸೀಗೆಪುಡಿಯಾಗಲಿ ಉಜ್ಜುವ ನಾರಾಗಲಿ ಇಲ್ಲದೆ, ತಂಬಿಗೆಯಿಂದ ಮೆಲ್ಲಗೆ ಸುರಿದುಕೊಂಡು 10 ನಿಮಿಷದೊಳಗೆ ಎದ್ದುಬಿಡುತ್ತಿದ್ದೆ. ತಾಯಿಯ ಮಾತಿಗಾಗಿ ಶಿವಮೊಗ್ಗದ ಕಡೆಯಿಂದ ಕಹಿಬೇವು ತರಿಸಿ (ನಮ್ಮ ಮಳೆಗಾಡಿನಲ್ಲಿ ಆ ಮರ ಅಪರೂಪ), ಕುದಿಸಿ, ಸೋಸಿ, ಆರಿಸಿ ನೀರಿಗೆ ಬೆರೆಸಿದೆವು. ಗುಳ್ಳೆ ಅದರಿಂದಲೇ ಬೇಗ ಒಣಗಿತೆಂದು ಹೇಳಲಾರೆ; ತಾಯಿ ಮಾತ್ರ ನಿರಾಳರಾದರು. ಒಡೆದ ಗುಳ್ಳೆಗೆ ಅರಿಶಿನ ಅರೆದು ಮೆತ್ತಲು ನಾನು ಒಪ್ಪಲಿಲ್ಲ, ಏಕೆಂದರೆ ಹಳದಿ ಪದರದ ಅಡಿಯಲ್ಲಿ ಕೀವು ಕಟ್ಟಿದರೂ ಕಾಣುವುದಿಲ್ಲ.

ಮೀಯುವುದಕ್ಕಿಂತ ಒರೆಸಿಕೊಳ್ಳುವುದರಲ್ಲಿ ಹೆಚ್ಚು ಎಚ್ಚರ ಬೇಕಾಯಿತು. ಒರಟು ಬೈರಾಸಿನಿಂದ ಒಮ್ಮೆ ಎಳೆದರೆ ಹತ್ತು ಗುಳ್ಳೆ ಒಡೆಯುತ್ತವೆ. ಹಳೆಯ ಹತ್ತಿ ಪಂಚೆಯನ್ನು ಹರಿದು, ಒತ್ತಿ ಒತ್ತಿ ನೀರು ಹೀರಿಸಿ, ಆ ತುಂಡುಗಳನ್ನು ದಿನವೂ ಬೇರೆಯಾಗಿ ಕುದಿಸಿ ಒಗೆಯಲಾಯಿತು. ಆಮೇಲೆ ತುರಿಕೆ ತಣಿಸುವ ಕ್ಯಾಲಮೈನ್ ಲೋಷನ್ನು ಚೆನ್ನಾಗಿ ಕುಲುಕಿ, ಕಣ್ಣು ಬಾಯಿಗಳ ಹತ್ತಿರ ಬಿಟ್ಟು, ಉಳಿದೆಡೆ ಹಚ್ಚಿದೆ. ಉಗುರು ಕತ್ತರಿಸಿಕೊಂಡಿದ್ದೆ, ಗಡ್ಡಕ್ಕೆ ಬ್ಲೇಡು ಮುಟ್ಟಿಸಲೇ ಇಲ್ಲ.

ಇಷ್ಟಾದರೂ ನಿದ್ದೆಯಲ್ಲಿ ಕೆನ್ನೆಯ ಒಂದು ಹಕ್ಕಳೆಯನ್ನು ಕಿತ್ತುಬಿಟ್ಟೆ. ಎರಡೇ ದಿನಕ್ಕೆ ಸುತ್ತ ಕೆಂಪಾಗಿ, ಬಿಸಿಯಾಗಿ, ಕೀವು ಕಂಡಿತು. ಅದಕ್ಕೆ ಬೇರೆ ಔಷಧವೇ ಬೇಕಾಯಿತು. ಮಿಕ್ಕ ಹಕ್ಕಳೆಗಳು ಎರಡು ವಾರದಲ್ಲಿ ತಾವಾಗಿ ಉದುರಿದವು. ಎಲ್ಲವೂ ಉದುರಿ ಚರ್ಮ ಕೂಡಿಕೊಂಡ ಮೇಲೆಯೇ ಕೊಬ್ಬರಿ ಎಣ್ಣೆ ಸವರತೊಡಗಿದ್ದು. ಬಿಸಿಲಿಗೆ ಕಲೆ ಇನ್ನಷ್ಟು ಕಪ್ಪಾಗುತ್ತದೆಂದು ಅಂಗಳದಲ್ಲಿ ಅಡಿಕೆ ಹರವುವಾಗ ಅಡಿಕೆ ಹಾಳೆಯ ಟೊಪ್ಪಿ ತೆಗೆಯಲಿಲ್ಲ. ಬೆನ್ನಿನ ಕಲೆಗಳು ಆರು ತಿಂಗಳಲ್ಲಿ ಮಾಸಿದವು. ಕೆನ್ನೆಯ ಗುಳಿ ಹಾಗೆಯೇ ಇದೆ.